ಬೇಸಿಗೆ ರಜೆ, ನೀರು ಮತ್ತು ಮಕ್ಕಳು: ತಿದ್ದಿಕೊಳ್ಳಬೇಕಾದ ತಪ್ಪು ತಿಳಿವಳಿಕೆಗಳು

(ಗ್ರಾಮ ಪಂಚಾಯಿತಿ ಸದಸ್ಯರನ್ನು ಉದ್ದೇಶಿಸಿ ಹಳೇಬೀಡಿನಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ಮಾಡಿದ ಉಪನ್ಯಾಸದ ಪಠ್ಯ)



ಬೇಸಿಗೆಯಲ್ಲಿ ಮಕ್ಕಳ ಸುರಕ್ಷತೆ ಎಂದೊಡನೆ ನಾವು ಬಿಸಿಲನ್ನು ನೆನೆಯುತ್ತೇವೆ. ನೆರಳು, ಮಜ್ಜಿಗೆ, ಟೋಪಿ ಇವೆಲ್ಲ ಅಗತ್ಯವೇ. ಆದರೆ ಬಿಸಿಲಿನಿಂದ ತಪ್ಪಿಸಿಕೊಳ್ಳಲು ಮಕ್ಕಳು ಹುಡುಕಿಕೊಂಡು ಹೋಗುವುದು ನೀರನ್ನು. 2024ರ ಮೇ ತಿಂಗಳಿನಲ್ಲಿ ನಮ್ಮದೇ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ರಜೆಯ ದಿನ ಕೆರೆಗೆ ಈಜಲು ಹೋದ ನಾಲ್ವರು ಬಾಲಕರು ಮರಳಿ ಮನೆಗೆ ಬರಲಿಲ್ಲ. ಹಳೇಬೀಡಿನ ಹಳೆಯ ಹೆಸರೇ ದ್ವಾರಸಮುದ್ರ. ಕೆರೆಯೇ ಊರಿಗೆ ಹೆಸರು ಕೊಟ್ಟ ನೆಲದಲ್ಲಿ ಈ ವಿಷಯವನ್ನು ವಿಧಿಯ ಮೇಲೆ ಹೊರಿಸಿ ಸುಮ್ಮನಿರಲಾಗದು. ಜನರಲ್ಲಿ ಬೇರೂರಿರುವ ಐದು ತಪ್ಪು ತಿಳಿವಳಿಕೆಗಳನ್ನು ತಮ್ಮ ಮುಂದಿಡುತ್ತೇನೆ.

ಒಂದು: “ಬೇಸಿಗೆಯಲ್ಲಿ ಕೆರೆಯ ನೀರು ಕಡಿಮೆ, ಭಯವಿಲ್ಲ.” ನೀರು ಇಳಿದಂತೆ ಮಕ್ಕಳು ಕೆರೆಯ ಅಂಗಳದಲ್ಲಿ ಇನ್ನಷ್ಟು ಒಳಕ್ಕೆ ಹೋಗುತ್ತಾರೆ. ಅಲ್ಲಿ ಹೂಳಿರುತ್ತದೆ, ಮಣ್ಣು ತೆಗೆದ ಗುಂಡಿಗಳಿರುತ್ತವೆ. ಮೊಣಕಾಲುದ್ದದ ನೀರಿನಿಂದ ಒಂದೇ ಹೆಜ್ಜೆಗೆ ಆಳೆತ್ತರದ ಗುಂಡಿಗೆ ಇಳಿಯುವ ಸಂಭವವಿದೆ. ಕಲಕಿದ ನೀರಿನಲ್ಲಿ ಆ ಅಂಚು ಕಾಣುವುದಿಲ್ಲ.

ಎರಡು: “ಜೊತೆಯಲ್ಲಿ ದೊಡ್ಡ ಹುಡುಗರಿದ್ದಾರೆ, ಮುಳುಗಿದರೆ ಕೂಗುತ್ತಾರೆ.” ಮುಳುಗುವವರಿಗೆ ಉಸಿರಾಡಲೇ ಅವಕಾಶವಿರುವುದಿಲ್ಲ, ಕೂಗುವುದೆಲ್ಲಿಂದ? ಬಹುಪಾಲು ಮುಳುಗುವಿಕೆ ನಿಶ್ಶಬ್ದವಾಗಿಯೇ ನಡೆಯುತ್ತದೆ. ರಕ್ಷಿಸಲು ಇಳಿದ ಗೆಳೆಯನನ್ನು ಮುಳುಗುವವನು ಹಿಡಿದೆಳೆಯುವುದರಿಂದ ಒಂದು ಸಾವು ಎರಡಾಗುತ್ತದೆ, ಮೂರಾಗುತ್ತದೆ. ಆದ್ದರಿಂದ ಮಕ್ಕಳಿಗೆ ಕಲಿಸಬೇಕಾದ ಪಾಠ ಇಷ್ಟೇ: ನೀರಿಗೆ ಇಳಿಯಬೇಡ; ಹಗ್ಗವನ್ನೋ ಬಿದಿರು ಗಳವನ್ನೋ ಮುಚ್ಚಳ ಹಾಕಿದ ಖಾಲಿ ಕ್ಯಾನನ್ನೋ ಎಸೆ; ದೊಡ್ಡವರನ್ನು ಕೂಗಿ ಕರೆ.

ಮೂರು: “ಕೃಷಿ ಹೊಂಡ ಚಿಕ್ಕದು, ಬಿದ್ದರೂ ಹತ್ತಿ ಬರಬಹುದು.” ಇದು ಅತ್ಯಂತ ಅಪಾಯಕಾರಿ ನಂಬಿಕೆ. ಕೃಷಿ ಭಾಗ್ಯ ಯೋಜನೆಯ ಹೊಂಡಗಳು ಸಾಮಾನ್ಯವಾಗಿ 3 ಮೀಟರ್ ಆಳವಿರುತ್ತವೆ. ಇಳಿಜಾರಾದ ಬದಿಗೆ ಪಾಲಿಥಿನ್ ಹೊದಿಕೆ ಹಾಸಿರುತ್ತದೆ. ಅದರ ಮೇಲೆ ಪಾಚಿ ಕಟ್ಟಿದರೆ ಕೈಗೂ ಹಿಡಿತವಿಲ್ಲ, ಕಾಲಿಗೂ ಊರುಗೋಲಿಲ್ಲ. ಈಜು ಬಲ್ಲ ವಯಸ್ಕರಿಗೂ ಮೇಲೆ ಬರುವುದು ದುಸ್ತರ. ಪರಿಹಾರ ದುಬಾರಿಯಲ್ಲ: ಸುತ್ತಲೂ ತಂತಿ ಬೇಲಿ, ಮತ್ತು ದಡದ ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಟ್ಟ ಗಂಟುಗಳುಳ್ಳ ಹಗ್ಗ.

ನಾಲ್ಕು: “ಕೊಳವೆಬಾವಿಗೆ ಚೀಲ ಮುಚ್ಚಿ ಕಲ್ಲಿಟ್ಟರೆ ಸಾಕು.” ಚೀಲವು ಬಾಯಿಯನ್ನು ಮರೆಮಾಡುತ್ತದೆಯೇ ಹೊರತು ಮಗುವಿನ ಭಾರ ತಡೆಯದು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಮಗು ಸುಮಾರು 20 ಗಂಟೆಗಳ ಕಾರ್ಯಾಚರಣೆಯ ಬಳಿಕ ಬದುಕಿ ಬಂದಿತು. 2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಬಿದ್ದ ಬಾಲಕಿ ಉಳಿಯಲಿಲ್ಲ. ಕೊರೆಯುವ ಸ್ಥಳಕ್ಕೆ ಬೇಲಿ ಮತ್ತು ಸೂಚನಾ ಫಲಕ, ಬಾಯಿಗೆ ಭದ್ರವಾದ ಉಕ್ಕಿನ ಮುಚ್ಚಳ, ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬುವುದು ಇವು ಸರ್ವೋಚ್ಚ ನ್ಯಾಯಾಲಯವು 2010ರಲ್ಲೇ ನೀಡಿದ ನಿರ್ದೇಶನಗಳು.

ಐದು: “ಮುಳುಗಿದ ಮಗುವಿನ ಹೊಟ್ಟೆಯ ನೀರನ್ನು ಮೊದಲು ಹೊರತೆಗೆಯಬೇಕು.” ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತುವುದು ಇವುಗಳಿಂದ ಅಮೂಲ್ಯ ನಿಮಿಷಗಳು ನಷ್ಟವಾಗುತ್ತವೆ. 2023ರಲ್ಲಿ ಬ್ಯಾಡಗಿ ತಾಲ್ಲೂಕಿನಲ್ಲಿ, ಮೊಬೈಲ್‌ನಲ್ಲಿ ಹರಿದಾಡಿದ ಮಾತನ್ನು ನಂಬಿ, ಮುಳುಗಿದ ಇಬ್ಬರು ಬಾಲಕರ ದೇಹಗಳನ್ನು ಉಪ್ಪಿನ ರಾಶಿಯಲ್ಲಿ ಇಡಲಾಗಿತ್ತು. ಆ ಹೆತ್ತವರ ಸಂಕಟವನ್ನು ಯಾರೂ ಹಳಿಯಲಾಗದು. ಆದರೆ ಉಪ್ಪು ಪ್ರಾಣವನ್ನು ಮರಳಿಸದು. ಉಸಿರಾಟ ನಿಂತಿದ್ದರೆ ಮಗುವನ್ನು ಅಂಗಾತ ಮಲಗಿಸಿ, ಗಲ್ಲವನ್ನು ಮೇಲೆತ್ತಿ, ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ಅನಂತರ ಎದೆಯ ನಡುಭಾಗವನ್ನು 30 ಬಾರಿ ಒತ್ತಿ 2 ಬಾರಿ ಉಸಿರು ಕೊಡುವ ಕ್ರಮವನ್ನು ಆಂಬುಲೆನ್ಸ್ ಬರುವವರೆಗೂ ಮುಂದುವರಿಸಬೇಕು. ಜೊತೆಗಿರುವವರು ತಕ್ಷಣ 108ಕ್ಕೆ ಕರೆ ಮಾಡಬೇಕು.

ಸದಸ್ಯರೇ, ಪೋಷಕರಿಗೆ ಬುದ್ಧಿ ಹೇಳಿದ ಮಾತ್ರಕ್ಕೆ ನಮ್ಮ ಹೊಣೆ ಮುಗಿಯದು. ಕೂಲಿಗೆ ಹೋಗುವ ತಾಯಿ ಹಗಲೆಲ್ಲ ಮಗನ ಹಿಂದೆ ನಿಲ್ಲಲಾರಳು. ಆದ್ದರಿಂದ ರಜೆ ಆರಂಭವಾಗುವ ಮೊದಲೇ ಪ್ರತಿ ಪಂಚಾಯಿತಿಯಲ್ಲಿ ಈ ಕೆಲಸಗಳು ನಡೆಯಲಿ:

• ವಾರ್ಡ್‌ವಾರು ಕೆರೆ, ಕಲ್ಯಾಣಿ, ಕೃಷಿ ಹೊಂಡ, ಕ್ವಾರಿ ಗುಂಡಿ, ಪಾಳು ಕೊಳವೆಬಾವಿಗಳ ಪಟ್ಟಿ ಸಿದ್ಧಪಡಿಸುವುದು. ನೀರುಗಂಟಿಗಳಿಗೆ ಇವುಗಳ ನೆಲೆ ಚೆನ್ನಾಗಿ ಗೊತ್ತು.
• ಮಾಲೀಕರಿಗೆ ಲಿಖಿತ ಸೂಚನೆ ನೀಡಿ, ಬೇಲಿ ಹಾಕಿದ ಬಳಿಕ ಸದಸ್ಯರು ಖುದ್ದಾಗಿ ನೋಡಿ ಬರುವುದು.
• ಜನ ಇಳಿಯುವ ಕೆರೆ ದಡಗಳಲ್ಲಿ ಫಲಕದೊಡನೆ ಹಗ್ಗ ಮತ್ತು ಗಳ ಇರಿಸುವುದು.
• ಕಸದ ವಾಹನದ ಧ್ವನಿವರ್ಧಕದಲ್ಲಿ ಈ ಐದು ವಿಷಯಗಳನ್ನು ಪ್ರಸಾರ ಮಾಡುವುದು.
• ಅರಿವು ಕೇಂದ್ರದಲ್ಲಿ ಮಧ್ಯಾಹ್ನದ ವೇಳೆ ಮಕ್ಕಳಿಗೆ ಆಟ, ಓದಿನ ಚಟುವಟಿಕೆ ನಡೆಸುವುದು.

ಫಲಕ ಬರೆಸಿದ್ದೇವೆ ಎಂಬುದು ಕಡತಕ್ಕೆ ಸಾಕಾಗಬಹುದು. ಮಗುವಿಗೆ ಬೇಕಾದದ್ದು ಬೇಲಿ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಇದು ಮೊದಲ ವಿಷಯವಾಗಲಿ ಎಂದು ಕೋರಿ ನನ್ನ ಮಾತು ಮುಗಿಸುತ್ತೇನೆ.