ಕೊಳೆಯದ ದೋಣಿ ಎಲ್ಲಿಗೆ ಹೋಗಬೇಕು?

ಮಕ್ಕಳೇ, ಮಲ್ಪೆಗೋ ಕಾರವಾರಕ್ಕೋ ಹೋದವರು ದಡದಲ್ಲಿ ಬಣ್ಣ ಬಳಿದ ಫೈಬರ್ ದೋಣಿಗಳನ್ನು ನೋಡಿರುತ್ತೀರಿ. ಅವುಗಳ ಮೈಯಲ್ಲಿರುವುದು ಗಾಜು! ಗಾಜನ್ನು ಕರಗಿಸಿ, ಕೂದಲಿಗಿಂತ ತೆಳುವಾದ ಎಳೆ ತೆಗೆಯುತ್ತಾರೆ. ಆ ಎಳೆಗಳ ಹಾಸನ್ನು ಅಚ್ಚಿನ ಮೇಲೆ ಹರಡಿ, ರೆಸಿನ್ ಎಂಬ ಅಂಟುದ್ರವ ಬಳಿಯುತ್ತಾರೆ. ಅದು ಗಟ್ಟಿಯಾದರೆ ದೋಣಿ ಸಿದ್ಧ. ಹಗುರ, ಬಲವೂ ಹೌದು. ಮರದಂತೆ ಕೊಳೆಯದು, ಹುಳು ಕೊರೆಯದು.

ಕೊಳೆಯದ ಈ ಗುಣವೇ ಕೊನೆಗೆ ಕಷ್ಟ ತರುತ್ತದೆ. ಹಳೆಯ ಕಬ್ಬಿಣವನ್ನು ಕರಗಿಸಿ ಹೊಸದು ಮಾಡಬಹುದು. ಆದರೆ ಬೆಂದ ಇಡ್ಲಿ ಮತ್ತೆ ಹಿಟ್ಟಾಗುತ್ತದೆಯೇ? ಗಟ್ಟಿಯಾದ ರೆಸಿನ್ ಕೂಡ ಹಾಗೆಯೇ. ಅದರ ಅಣುಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿವೆ. ಕಾಯಿಸಿದರೆ ಕರಗುವುದಿಲ್ಲ, ಸುಟ್ಟು ಕರಕಲಾಗುತ್ತದೆ. ಬಯಲಲ್ಲಿ ಸುಟ್ಟರೆ ಏಳುವ ಕಪ್ಪು ಹೊಗೆ ವಿಷ.

ಹಳೆಯ ದೋಣಿಯನ್ನು ದಡದಲ್ಲೇ ಬಿಟ್ಟರೆ? ಬಿಸಿಲು, ಅಲೆ, ಮರಳು ಸೇರಿ ಅದನ್ನು ನಿಧಾನವಾಗಿ ತೇಯುತ್ತವೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಚಿಚೆಸ್ಟರ್ ಬಂದರಿನಲ್ಲಿ ವಿಜ್ಞಾನಿಗಳು ಸಿಂಪಿಗಳನ್ನು ಪರೀಕ್ಷಿಸಿ 2024ರಲ್ಲಿ ವರದಿ ಕೊಟ್ಟರು. ಒಂದು ಕಿಲೋ ಸಿಂಪಿಯಲ್ಲಿ 11,220ರವರೆಗೂ ಗಾಜಿನ ಚೂರುಗಳಿದ್ದವು! ಸಿಂಪಿ ನೀರನ್ನು ಸೋಸಿ ಉಣ್ಣುವ ಜೀವಿ. ನೀರಿನಲ್ಲಿ ತೇಲುವ ಚೂರೂ ಅದರ ಹೊಟ್ಟೆಗೇ ಹೋಗುತ್ತದೆ. ದೋಣಿಗಳನ್ನು ದಡಕ್ಕೆಳೆದು ಉಜ್ಜಿ ರಿಪೇರಿ ಮಾಡುವ ಚಳಿಗಾಲದಲ್ಲಿ ಚೂರುಗಳು ಹೆಚ್ಚಾಗಿದ್ದವು.

ದಾರಿ ಇಲ್ಲದಿಲ್ಲ. ಮೊದಲು ಎಂಜಿನ್, ಡೀಸೆಲ್, ಬ್ಯಾಟರಿ ತೆಗೆಯಬೇಕು. ಆಮೇಲೆ ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ತೊಟ್ಟ ಕೆಲಸಗಾರರು ದೂಳು ಹಾರದಂತೆ ದೋಣಿಯನ್ನು ಕತ್ತರಿಸುತ್ತಾರೆ. ಪುಡಿಯಾದ ತುಂಡುಗಳನ್ನು ಸಿಮೆಂಟ್ ಕಾರ್ಖಾನೆಯ ಗೂಡಿಗೆ ಹಾಕಬಹುದು. ಅಲ್ಲಿನ ಬಿಸಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್. ರೆಸಿನ್ ಉರಿದು ಇಂಧನವಾಗುತ್ತದೆ. ಗಾಜಿನಲ್ಲಿರುವ ಸಿಲಿಕಾ ಸಿಮೆಂಟಿನಲ್ಲೇ ಬೆರೆಯುತ್ತದೆ. ಜರ್ಮನಿಯಲ್ಲಿ ಫೈಬರ್ ಕಸವನ್ನು ಹೀಗೆ ಬಳಸಿದ್ದಾರೆ.

ಖರ್ಚು ಯಾರದು? ಫ್ರಾನ್ಸಿನಲ್ಲಿ 2019ರಿಂದ, ಹೊಸ ವಿಹಾರ ದೋಣಿ ಮಾರುಕಟ್ಟೆಗೆ ತರುವವರು ಕೊಡುವ ಹಣದಿಂದ ಹಳೆಯ ದೋಣಿಗಳನ್ನು ಒಡೆಯುತ್ತಾರೆ. ಕೇಂದ್ರಕ್ಕೆ ಸಾಗಿಸುವ ಖರ್ಚು ಮಾತ್ರ ಮಾಲೀಕರದು. ನನಗಿದು ನ್ಯಾಯವೆನಿಸುತ್ತದೆ. ನಮ್ಮ ಬಡ ಮೀನುಗಾರರ ಮೇಲೆ ಇಡೀ ಭಾರ ಹೊರಿಸುವುದು ಸರಿಯಲ್ಲ.

ಒಡೆದ ಫೈಬರ್ ದೋಣಿ ಕಂಡರೆ ಹತ್ತಿ ಆಡಬೇಡಿ, ಅದರ ಅಂಚು ಕೆರೆಯಬೇಡಿ; ಗಾಜಿನ ಎಳೆ ಚರ್ಮಕ್ಕೆ ಚುಚ್ಚಿ ತುರಿಕೆಯಾಗುತ್ತದೆ. ಯಾರಾದರೂ ಅದಕ್ಕೆ ಬೆಂಕಿ ಹಚ್ಚಲು ಹೊರಟರೆ ದೂರ ಸರಿದು, ಮನೆಯ ಹಿರಿಯರಿಗೆ ಕೂಡಲೇ ತಿಳಿಸಿ.