ನೋಟಿಸ್ ಪೀರಿಯಡ್‌ನಲ್ಲಿರುವ ಅಧ್ಯಕ್ಷ: ಹೆನ್ರಿ ಹೇಲ್ ಓದಿ ನಾನು ಕಲಿತದ್ದು

ನಾನು ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋನು. ರಾಜ್ಯಶಾಸ್ತ್ರ ಓದಿದವನಲ್ಲ. ಆದ್ರೂ ಇವತ್ತು ಒಬ್ಬ ರಾಜ್ಯಶಾಸ್ತ್ರಜ್ಞರ ಬಗ್ಗೆ ಮಾತಾಡೋಕೆ ನಿಂತಿದ್ದೀನಿ. ಯಾಕೆ ಅಂತ ಮೊದಲು ಹೇಳ್ತೀನಿ.

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ದಿನಸಿ ತರೋಕೆ ಅಂತ ಹೊರಗೆ ಹೋಗಿದ್ದ ಹುಡುಗ. ಅವತ್ತು ರಾತ್ರಿ ನಮ್ಮ ವಾಟ್ಸಾಪ್ ಗ್ರೂಪ್‌ನಲ್ಲಿ ಯಾರೋ ಬರೆದರು: "ರಷ್ಯಾ ಆದ್ರೇನು, ಉಕ್ರೇನ್ ಆದ್ರೇನು, ಎರಡೂ ಒಂದೇ. ಎರಡೂ ಕಡೆ ದುಡ್ಡಿರೋರ ಆಟ." ನಾನು ಅದಕ್ಕೆ ಥಂಬ್ಸ್ ಅಪ್ ಒತ್ತಿ ಮಲಗಿದೆ. ಮರುದಿನ ನಾಚಿಕೆ ಆಯ್ತು. ನಮ್ಮ ಹುಡುಗ ಸತ್ತ ದೇಶದ ಬಗ್ಗೆ ನನಗೆ ಏನು ಗೊತ್ತಿತ್ತು?

ಹುಡುಕ್ತಾ ಹೋದಾಗ ಸಿಕ್ಕವರು ಹೆನ್ರಿ ಹೇಲ್. ವಾಷಿಂಗ್ಟನ್‌ನ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. 2015ರಲ್ಲಿ ಬಂದ ಅವರ ದೊಡ್ಡ ಪುಸ್ತಕ 'ಪೇಟ್ರನಲ್ ಪಾಲಿಟಿಕ್ಸ್'. ನಮ್ಮ ಮಾತಲ್ಲಿ ಹೇಳೋದಾದ್ರೆ ವಶೀಲಿ ರಾಜಕಾರಣ. ಕಾನೂನು, ಪಕ್ಷ, ಸಿದ್ಧಾಂತ ಎಲ್ಲ ಇರುತ್ತೆ, ಆದ್ರೆ ಕೆಲಸ ಆಗೋದು ಯಾರಿಗೆ ಯಾರು ಗೊತ್ತು ಅನ್ನೋದರ ಮೇಲೆ. ಸಹಾಯ ಮಾಡಿದವನಿಗೆ ಬಹುಮಾನ, ಎದುರು ನಿಂತವನಿಗೆ ಶಿಕ್ಷೆ. ಸೋವಿಯತ್ ಒಕ್ಕೂಟ ಒಡೆದಾಗ ರಷ್ಯಾ, ಉಕ್ರೇನ್ ಎರಡೂ ಇಂಥ ಸಮಾಜಗಳೇ. ಅಲ್ಲಿಗೆ ನಮ್ಮ ವಾಟ್ಸಾಪ್ ಪಂಡಿತರು ಅರ್ಧ ಸರಿ.

ಮಿಕ್ಕ ಅರ್ಧ ಇಲ್ಲಿದೆ. ಈ ಜಾಲಗಳೆಲ್ಲ ಒಬ್ಬನ ಕೆಳಗೆ ಸೇರಿದ್ರೆ ಒಂದೇ ಪಿರಮಿಡ್. ಎರಡು ಮೂರು ಜಾಲ ಪರಸ್ಪರ ಪೈಪೋಟಿ ನಡೆಸಿದ್ರೆ ಅದು ಬೇರೆ ಥರದ ರಾಜಕೀಯ. ಯಾವುದಾಗುತ್ತೆ ಅನ್ನೋದನ್ನ ನಿರ್ಧರಿಸೋದು ನಿರೀಕ್ಷೆ, ಅಂತಾರೆ ಹೇಲ್. ನಾಳೆ ಯಾರು ಅಧಿಕಾರದಲ್ಲಿ ಇರ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದಾರೋ, ಇವತ್ತು ಅಧಿಕಾರ ಅವರದ್ದೇ.

ನಮಗಿದು ಹೊಸದಲ್ಲ. ಮ್ಯಾನೇಜರ್ ನೋಟಿಸ್ ಪೀರಿಯಡ್‌ನಲ್ಲಿದ್ದಾರೆ ಅಂತ ಸುದ್ದಿ ಹಬ್ಬಿದ ದಿನ ಏನಾಗುತ್ತೆ? ಕುರ್ಚಿ ಅದೇ, ಹುದ್ದೆ ಅದೇ. ಆದ್ರೆ ಅವರ ಮೇಲ್‌ಗೆ ಉತ್ತರ ತಡವಾಗುತ್ತೆ. ಎಲ್ಲರೂ ಮುಂದಿನ ಮ್ಯಾನೇಜರ್ ಯಾರು ಅಂತ ಲೆಕ್ಕ ಹಾಕ್ತಾರೆ. ಗಾಳಿ ಬಂದಾಗ ತೂರಿಕೋ ಅಂತ ನಮ್ಮ ಹಿರಿಯರು ಹೇಳಿದ್ದೂ ಇದನ್ನೇ.

ರಷ್ಯಾ ನೋಡಿ. 1999ರಲ್ಲಿ ಯೆಲ್ಟ್ಸಿನ್ ಹೊರಡೋ ಅಧ್ಯಕ್ಷ. ಪ್ರಿಮಕೋವ್ ಮತ್ತು ಮಾಸ್ಕೋ ಮೇಯರ್ ಲುಷ್ಕೋವ್ ಕಟ್ಟಿದ ಬಣದ ಕಡೆಗೆ ಎಷ್ಟೋ ಪ್ರಾಂತ್ಯಗಳ ಗವರ್ನರ್‌ಗಳು ವಾಲಿದ್ರು. ಆಗಸ್ಟ್‌ನಲ್ಲಿ ಪುಟಿನ್ ಪ್ರಧಾನಿಯಾದರು. ಚೆಚೆನ್ಯಾ ಯುದ್ಧದ ಜೊತೆ ಅವರ ಜನಪ್ರಿಯತೆ ಏರಿತು, ಗಾಳಿ ತಿರುಗಿತು. ಡಿಸೆಂಬರ್ ಚುನಾವಣೆಯಲ್ಲಿ ಪ್ರಿಮಕೋವ್ ಬಣ ಹಿಂದೆ ಬಿತ್ತು. ಎರಡು ವರ್ಷದಲ್ಲಿ ಅದೇ ಬಣ ಪುಟಿನ್ ಪಕ್ಷದಲ್ಲೇ ಕರಗಿಹೋಯ್ತು. ಪಿರಮಿಡ್ ಒಂದೇ ಆಯ್ತು.

ಉಕ್ರೇನ್‌ನಲ್ಲಿ 2004ರಲ್ಲಿ ಕುಚ್ಮಾ ಹೊರಡೋ ಅಧ್ಯಕ್ಷ. ಅವರು ಮುಂದೆ ತಂದ ಯಾನುಕೋವಿಚ್‌ಗೆ ಅಂಥ ಜನಪ್ರಿಯತೆ ಇರಲಿಲ್ಲ. ಉದ್ಯಮಿ ಪೊರೊಶೆಂಕೋ ಅವರ ಟಿವಿ ಚಾನೆಲ್ ವಿರೋಧಿ ಯುಶ್ಚೆಂಕೋ ಕಡೆ ನಿಂತಿತು. ಮತ ಎಣಿಕೆಯಲ್ಲಿ ಮೋಸ ಆದಾಗ ಜನ ಕೀವ್‌ನ ಚಳಿಯಲ್ಲಿ ಬೀದಿಗಿಳಿದರು. ಸುಪ್ರೀಂ ಕೋರ್ಟ್ ಫಲಿತಾಂಶ ರದ್ದು ಮಾಡ್ತು, ಮರುಮತದಾನದಲ್ಲಿ ಯುಶ್ಚೆಂಕೋ ಗೆದ್ದರು. ಆ ಗಲಾಟೆಯ ನಡುವೆ ಡಿಸೆಂಬರ್ 8ರಂದು ಆದ ಸಂವಿಧಾನ ತಿದ್ದುಪಡಿಯನ್ನ ನಾವ್ಯಾರೂ ಗಮನಿಸಲ್ಲ. ಪ್ರಧಾನಿಯನ್ನ ಆರಿಸೋ ಬಲ ಸಂಸತ್ತಿನ ಬಹುಮತಕ್ಕೆ ಹೋಯ್ತು. ಹಾಗಾಗಿ 2006ರಲ್ಲಿ ಯುಶ್ಚೆಂಕೋ ಅಧ್ಯಕ್ಷರಾಗಿದ್ದಾಗಲೇ ಸೋತ ಯಾನುಕೋವಿಚ್ ಪ್ರಧಾನಿಯಾದರು! ಎರಡು ಕುರ್ಚಿ, ಎರಡು ಪಿರಮಿಡ್. ಯಾರ ಹಿಂದೆ ಹೋಗಬೇಕು ಅಂತ ಯಾರಿಗೂ ಖಾತ್ರಿ ಇಲ್ಲ.

2010ರಲ್ಲಿ ಯಾನುಕೋವಿಚ್ ಅಧ್ಯಕ್ಷರಾದ ವರ್ಷವೇ ಸಾಂವಿಧಾನಿಕ ನ್ಯಾಯಾಲಯ ಆ ತಿದ್ದುಪಡಿ ರದ್ದು ಮಾಡ್ತು. ಮತ್ತೆ ಒಂದೇ ಪಿರಮಿಡ್ ಏಳತೊಡಗಿತು. 2014ರ ಫೆಬ್ರವರಿಯಲ್ಲಿ ಅವರು ಓಡಿಹೋದಾಗ ಸಂಸತ್ತು ಹಳೇ ತಿದ್ದುಪಡಿಯನ್ನೇ ವಾಪಸ್ ತಂತು.

ಈ ಸಿದ್ಧಾಂತ ಎಲ್ಲವನ್ನೂ ಹೇಳಲ್ಲ. ಕ್ರಿಮಿಯಾ ವಶ, 2022ರ ಆಕ್ರಮಣ ಇವಕ್ಕೆ ಪಿರಮಿಡ್ ಲೆಕ್ಕ ಸಾಲದು. ಬೀದಿಗಿಳಿದ ಸಾಮಾನ್ಯ ಜನರ ಮನಸ್ಸೂ ಅದರಲ್ಲಿ ಪೂರ್ತಿ ಕಾಣಲ್ಲ. ಹೇಲ್ ಆಮೇಲೆ ಓಲ್ಗಾ ಒನುಖ್ ಜೊತೆ ಬರೆದ 'ದಿ ಜೆಲೆನ್‌ಸ್ಕಿ ಎಫೆಕ್ಟ್' ಅದನ್ನೇ ಹುಡುಕುತ್ತೆ: ಭಾಷೆ ಯಾವುದಾದರೂ ಸರಿ, ಈ ದೇಶ ನನ್ನದು, ಇದರ ಹೊಣೆಯೂ ನನ್ನದು ಅನ್ನೋ ನಾಗರಿಕ ಭಾವನೆಯನ್ನ.

ಒಂದು ಉದಾಹರಣೆ ಕೊಟ್ಟು ಮುಗಿಸ್ತೀನಿ. 2025ರ ಜುಲೈನಲ್ಲಿ, ಯುದ್ಧದ ನಡುವೆಯೇ, ಭ್ರಷ್ಟಾಚಾರ ತನಿಖಾ ಸಂಸ್ಥೆಗಳ ಸ್ವಾತಂತ್ರ್ಯ ಮೊಟಕು ಮಾಡೋ ಕಾನೂನಿಗೆ ಜೆಲೆನ್‌ಸ್ಕಿ ಸಹಿ ಹಾಕಿದರು. ಜನ ಬೀದಿಗೆ ಬಂದರು. ಹತ್ತು ದಿನದೊಳಗೆ ಸಂಸತ್ತು ಆ ಸ್ವಾತಂತ್ರ್ಯವನ್ನ ವಾಪಸ್ ಕೊಡ್ತು. ವಶೀಲಿ ಅಲ್ಲಿ ಸತ್ತಿಲ್ಲ. ಆದ್ರೆ ಅದನ್ನ ತಡೆಯೋ ಕೈಗಳೂ ಇವೆ.

"ಎರಡೂ ಒಂದೇ" ಅನ್ನೋದು ನಿಷ್ಪಕ್ಷಪಾತದ ಮಾತು ಅಂತ ನಾನು ಅಂದುಕೊಂಡಿದ್ದೆ. ಅದು ಸೋಮಾರಿತನ ಅಂತ ಈಗ ಅನಿಸುತ್ತೆ. ಒಂದೇ ಕಡೆಯಿಂದ ಹೊರಟ ಎರಡು ದೇಶ ಬೇರೆ ಬೇರೆ ದಾರಿ ಹಿಡಿದದ್ದು ರಕ್ತದಿಂದಲ್ಲ, ಹಣೆಬರಹದಿಂದಲ್ಲ. ಅಧಿಕಾರ ಯಾರ ಕೈಯಲ್ಲಿ, ಎಷ್ಟು ದಿನ, ಯಾರು ಪ್ರಶ್ನಿಸಬಹುದು ಅನ್ನೋ ನಿಯಮಗಳಿಂದ. ಆ ನಿಯಮಕ್ಕಾಗಿ ಚಳಿಯಲ್ಲಿ ನಿಂತ ಜನರಿಂದ.