ಕಾರವಾರದ ರೈಲು ಯಾರ ಲೆಕ್ಕಕ್ಕೆ?

ಇವತ್ತಿನ ಕಂತು ರೈಲಿನ ಬಗ್ಗೆ. ಆದರೆ ನಾನು ರೈಲು ಹುಚ್ಚಿನ ಪೈಕಿ ಅಲ್ಲ. ಇಂಜಿನ್ ನಂಬರ್ ನೋಡಿ ಅದು ಯಾವ ಶೆಡ್‌ನದ್ದು ಅಂತ ಹೇಳೋರು ನಮ್ಮ ಕೇಳುಗರಲ್ಲೇ ಇದ್ದಾರೆ, ಅವರ ಮುಂದೆ ನಾನು ಏನೂ ಅಲ್ಲ. ನಾನು ಓದಿದ್ದು ಬಿ.ಕಾಂ. ಹಾಗಾಗಿ ರೈಲನ್ನೂ ಲೆಕ್ಕಪತ್ರದ ಕಣ್ಣಲ್ಲೇ ನೋಡೋದು.

ಕಳೆದ ತಿಂಗಳು ಮಂಗಳೂರಿಗೆ ಹೋದಾಗ ಗೆಳೆಯನ ಬೈಕ್ ಇಸ್ಕೊಂಡು ತೋಕೂರಿಗೆ ಹೋಗಿದ್ದೆ. ಬೈಕಂಪಾಡಿ ಕೈಗಾರಿಕಾ ಪ್ರದೇಶದ ಹತ್ತಿರ, ಜೋಕಟ್ಟೆಯ ಪಕ್ಕದ ಸಣ್ಣ ಸ್ಟೇಷನ್. ನೋಡೋಕೆ ಅಂತ ಹೋಗುವ ಜಾಗ ಅಲ್ಲ. ನಾನು ಹೋಗಿದ್ದು ಒಂದು ಗಡಿ ನೋಡೋಕೆ. ಇಲ್ಲಿ ದಕ್ಷಿಣ ರೈಲ್ವೆ ಮುಗಿದು ಕೊಂಕಣ ರೈಲ್ವೆ ಶುರುವಾಗತ್ತೆ. ಗೇಟಿಲ್ಲ, ಚೆಕ್‌ಪೋಸ್ಟ್ ಇಲ್ಲ. ಹಳಿ ಹಾಗೇ ಮುಂದೆ ಹೋಗತ್ತೆ. ರೈಲಿನಲ್ಲಿ ಕೂತವರಿಗೆ ಏನೂ ಗೊತ್ತಾಗಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಇದು ಗೋವಾ ಗಡಿಗಿಂತ ದೊಡ್ಡ ಗಡಿ.

ನಮ್ಮ ಮನೆ ಕುಮಟಾ ಕಡೆ. ಮಂಗಳೂರಿಂದ ಮಡಗಾಂವ್‌ಗೆ ಹೋಗುವ ಹಗಲು ರೈಲು ನಮ್ಮ ಕಡೆಯವರಿಗೆ ಬಸ್ಸಿದ್ದ ಹಾಗೆ. ಉಡುಪಿ, ಕುಂದಾಪುರ, ಬೈಂದೂರು, ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರ, ಆಮೇಲೆ ಗಡಿ ದಾಟಿ ಕಾಣಕೋಣ, ಮಡಗಾಂವ್. ಮಣಿಪಾಲದ ಆಸ್ಪತ್ರೆಗೆ ಹೋಗೋರು, ಗೋವಾದಲ್ಲಿ ಕೆಲಸಕ್ಕೆ ಹೋಗೋರು, ಮುರ್ಡೇಶ್ವರಕ್ಕೆ, ಕೊಲ್ಲೂರಿಗೆ ಹೋಗೋರು ಎಲ್ಲ ಅದರಲ್ಲೇ. ಒಂದು ರೈಲು, ಎರಡು ರಾಜ್ಯ, ಎರಡು ಸಂಸ್ಥೆ. ಟಿಕೆಟ್ ಮಾತ್ರ ಒಂದೇ.

ಆ ಟಿಕೆಟ್ ಮೇಲೆ ದೂರ ಅಂತ ಒಂದು ಸಂಖ್ಯೆ ಇರತ್ತೆ. ಕಾಲೇಜಿನಲ್ಲಿದ್ದಾಗ ಒಂದು ಸಲ ಅದನ್ನ ನೋಡಿ, ಅಪ್ಪನ ಹತ್ರ "ಇಷ್ಟು ದೂರ ಇಲ್ವಲ್ಲ?" ಅಂತ ಕೇಳಿದ್ದೆ. ಅಪ್ಪ "ರೈಲು ಸುತ್ತಿಕೊಂಡು ಹೋಗತ್ತೆ ಕಾಣತ್ತೆ" ಅಂದ್ರು. ಸುತ್ತಿಕೊಂಡು ಹೋಗಲ್ಲ. ಕೊಂಕಣ ರೈಲ್ವೆಯ ಹಳಿ ಮೇಲೆ ದೂರವನ್ನ ಶೇ 40ರಷ್ಟು ಹೆಚ್ಚಿಸಿ ಪ್ರಯಾಣ ದರ ಹಾಕ್ತಾರೆ. ಅಂದ್ರೆ 100 ಕಿ.ಮೀ. ಹೋದರೆ ಲೆಕ್ಕಕ್ಕೆ 140 ಕಿ.ಮೀ. ಸರಕು ಸಾಗಣೆಗೆ ಇದು ಶೇ 50. ಇದರಲ್ಲಿ ಗುಟ್ಟೇನಿಲ್ಲ, ಮೋಸವೂ ಅಲ್ಲ. ಇದಕ್ಕೆ ಕಾರಣ ಇದೆ, ಅದು ತಿಳಿಬೇಕು ಅಂದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1990. ವಿ.ಪಿ. ಸಿಂಗ್ ಸರ್ಕಾರ. ರೈಲ್ವೆ ಮಂತ್ರಿ ಜಾರ್ಜ್ ಫರ್ನಾಂಡಿಸ್, ಹುಟ್ಟೂರು ಮಂಗಳೂರು. ಹಣಕಾಸು ಮಂತ್ರಿ ಮಧು ದಂಡವತೆ, ಕೊಂಕಣದ ರಾಜಾಪುರದ ಸಂಸದ. ಕರಾವಳಿಗೆ ರೈಲು ಬೇಕು ಅನ್ನೋದು ಹಳೇ ಬೇಡಿಕೆ, ಆದರೆ ರೈಲ್ವೆ ಬಜೆಟ್‌ನಲ್ಲಿ ವರ್ಷಕ್ಕಿಷ್ಟು ಅಂತ ಕೊಟ್ಟರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮುಗಿಯಲ್ಲ. ಹಾಗಾಗಿ ಕಂಪನಿ ಮಾಡಿದರು. ಕೇಂದ್ರದ್ದು ಶೇ 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ 6, ಕೇರಳ 6. ಇದು ಆರಂಭದ ಹಂಚಿಕೆ. ಇಲ್ಲಿ ಒಂದು ತಮಾಷೆ ನೋಡಿ, ಕೊಂಕಣ ರೈಲ್ವೆಯ ಒಂದು ಕಿಲೋಮೀಟರ್ ಹಳಿಯೂ ಕೇರಳದಲ್ಲಿಲ್ಲ, ಅದು ತೋಕೂರಿಗೇ ಮುಗಿಯತ್ತೆ. ಆದರೂ ಕೇರಳ ದುಡ್ಡು ಹಾಕಿತು. ಯಾಕಂದ್ರೆ ಮುಂಬೈಗೆ ದಾರಿ ಹತ್ತಿರ ಆಗೋದರ ಲಾಭ ಅವರಿಗೂ ಇತ್ತು. ಗಡಿ ದಾಟುವ ರೈಲಿಗೆ ಗಡಿ ಆಚೆಯವರೂ ದುಡ್ಡು ಹಾಕಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನಮ್ಮ ದೇಶದಲ್ಲಿ ನನಗೆ ಸಿಕ್ಕಿಲ್ಲ.

ಉಳಿದ ಹಣ ಸಾರ್ವಜನಿಕರಿಗೆ ಬಾಂಡ್ ಮಾರಿ ಎತ್ತಿದ್ದು. ಇ. ಶ್ರೀಧರನ್ ಮುಖ್ಯಸ್ಥರು. 1998ರ ಜನವರಿ 26ಕ್ಕೆ ರೋಹಾದಿಂದ ತೋಕೂರಿನವರೆಗೆ ಸುಮಾರು 740 ಕಿ.ಮೀ. ಪೂರ್ತಿ. ಹೊನ್ನಾವರದ ಶರಾವತಿ ಸೇತುವೆಯೇ ಎರಡು ಕಿ.ಮೀ.ಗಿಂತ ಉದ್ದ. ಕಟ್ಟುವುದು, ನಡೆಸುವುದು, ಸಾಲ ತೀರಿದ ಮೇಲೆ ಭಾರತೀಯ ರೈಲ್ವೆಗೆ ಒಪ್ಪಿಸುವುದು, ಇದು ಮೂಲ ಯೋಜನೆ. ಆ ಸಾಲ ತೀರಿಸೋಕೆ ಅಂತಲೇ ಹೆಚ್ಚುವರಿ ದೂರದ ಲೆಕ್ಕ. ಅಂದ್ರೆ ಅಪ್ಪನಿಗೆ ನಾನು ಕೊಡಬೇಕಿದ್ದ ಉತ್ತರ ಇಷ್ಟೇ: ರೈಲು ಸುತ್ತಿಕೊಂಡು ಹೋಗ್ತಿಲ್ಲ, ನಾವು ಸಾಲದ ಕಂತು ಕಟ್ತಾ ಇದ್ದೀವಿ.

ಸರಿ, ಈಗ ಹಂಚಿಕೊಂಡು ರೈಲು ಓಡಿಸೋದು ಹೇಗೆ ಅಂತ ನೋಡೋಣ. ಬೆಂಗಳೂರು–ಕಾರವಾರ ರೈಲನ್ನೇ ತಗೊಳ್ಳಿ. ಅದು ನೈಋತ್ಯ ರೈಲ್ವೆಯ ರೈಲು. ಘಟ್ಟ ಇಳಿದು ಪಡೀಲ್ ತನಕ ಬರತ್ತೆ. ಪಡೀಲ್‌ನಿಂದ ತೋಕೂರಿನವರೆಗೆ ಕೆಲವೇ ಕಿ.ಮೀ. ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು. ಅಲ್ಲಿಂದ ಕಾರವಾರದವರೆಗೆ ಕೊಂಕಣ ರೈಲ್ವೆಯದ್ದು. ಒಂದೇ ರಾಜ್ಯದೊಳಗಿನ ಒಂದು ರಾತ್ರಿಯ ಪ್ರಯಾಣ, ಮೂರು ಆಡಳಿತ.

ಹಿಂದೆ ಈ ರೈಲು ಮಂಗಳೂರಿಗೆ ಹೋಗಿ ಅಲ್ಲಿ ಎರಡು ಭಾಗ ಆಗ್ತಿತ್ತು. ಒಂದಿಷ್ಟು ಬೋಗಿ ಕಣ್ಣೂರಿಗೆ, ಒಂದಿಷ್ಟು ಕಾರವಾರಕ್ಕೆ. ಕಾರವಾರದ ಕಡೆಯವರು ಹಿಮ್ಮುಖವಾಗಿ ವಾಪಸ್ ಪಡೀಲ್‌ಗೆ ಬಂದು ಉತ್ತರಕ್ಕೆ ತಿರುಗಬೇಕು. ಪಡೀಲ್‌ನಲ್ಲಿ ನೇರ ಹೋಗುವ ಬೈಪಾಸ್ ಹಳಿ ಇದ್ದೇ ಇತ್ತು. ಅದರಲ್ಲಿ ಕಾರವಾರಕ್ಕೆ ನೇರ ರೈಲು ಬಿಟ್ಟಿದ್ದು 2020ರ ಮಾರ್ಚ್ 7ರಂದು. ಹಳಿ ಇದ್ದರೂ ರೈಲು ಯಾಕೆ ಇರಲಿಲ್ಲ? ನನ್ನ ಲೆಕ್ಕದಲ್ಲಿ ಉತ್ತರ ಸರಳ. ರೈಲು ಒಬ್ಬರದ್ದು, ನಡುವಿನ ತುಂಡು ಹಳಿ ಇನ್ನೊಬ್ಬರದ್ದು, ಕೊನೆಯ ಹಳಿ ಮತ್ತೊಬ್ಬರದ್ದು. ಉಳಿಯುವ ಸಮಯ ಮಾತ್ರ ಪ್ರಯಾಣಿಕರದ್ದು. ಪ್ರಯಾಣಿಕರ ಸಮಯಕ್ಕೆ ಯಾರ ಪುಸ್ತಕದಲ್ಲೂ ಕಾಲಂ ಇಲ್ಲ.

ಆ ತುಂಡು ಹಳಿಯ ಬೆಲೆ ಏನು ಅಂತ 2019ರ ಆಗಸ್ಟ್‌ನಲ್ಲಿ ಗೊತ್ತಾಯಿತು. ಪಡೀಲ್–ಕುಲಶೇಖರ ನಡುವೆ ಗುಡ್ಡ ಜರಿದು ಹಳಿ ಮುಚ್ಚಿಹೋಯಿತು. ಕೊಂಕಣ ರೈಲ್ವೆಯ ನೂರಾರು ಕಿಲೋಮೀಟರ್ ಸರಿಯಾಗೇ ಇತ್ತು. ಆದರೂ ಮಂಗಳೂರು ಮತ್ತು ಕರಾವಳಿಯ ನಡುವಿನ ಓಡಾಟ ದಿನಗಟ್ಟಲೆ ನಿಂತಿತು. ನಮ್ಮ ಅಜ್ಜಿ ಮನೆಯಲ್ಲಿ ಎರಡು ಮನೆಗೆ ಸೇರಿದ ಬಾವಿ ಇತ್ತು. ನೀರು ಇಬ್ಬರೂ ಸೇದ್ತಿದ್ರು, ರಾಟೆ ಮುರಿದಾಗ ಮಾತ್ರ ಅದು ಆ ಮನೆಯವರದ್ದು ಅಂತ ಇಬ್ಬರೂ ಹೇಳ್ತಿದ್ರು. ಇಲ್ಲಿ ಬಾವಿ ದೊಡ್ಡದು, ಅಷ್ಟೇ ವ್ಯತ್ಯಾಸ.

ಇನ್ನು ಆದ್ಯತೆ. ಕೊಂಕಣ ರೈಲ್ವೆ ಬಹುತೇಕ ಒಂಟಿ ಹಳಿ. ರೋಹಾ–ವೀರ್ ನಡುವಿನ ಸುಮಾರು 46 ಕಿ.ಮೀ. ಮಾತ್ರ 2021ರಲ್ಲಿ ಜೋಡಿಯಾಯಿತು, ಅದೂ ಮಹಾರಾಷ್ಟ್ರದಲ್ಲಿ. ಒಂಟಿ ಹಳಿಯಲ್ಲಿ ಎದುರಿಂದ ರೈಲು ಬಂದರೆ ಯಾರಾದರೂ ಒಬ್ಬರು ಸ್ಟೇಷನ್‌ನಲ್ಲಿ ಕಾಯಬೇಕು. ಸಾಮಾನ್ಯವಾಗಿ ಕಾಯೋದು ಯಾರು? ಪ್ಯಾಸೆಂಜರ್. ಕಂಪನಿಯ ಜಾಗದಲ್ಲಿ ಕೂತು ಯೋಚನೆ ಮಾಡಿದರೆ ಅದೂ ಅರ್ಥ ಆಗತ್ತೆ. ದುಡ್ಡು ಬರೋದು ದೂರದ ಎಕ್ಸ್‌ಪ್ರೆಸ್ ರೈಲುಗಳಿಂದ, ಸರಕಿನಿಂದ, ಲಾರಿಗಳನ್ನೇ ವ್ಯಾಗನ್ ಮೇಲೆ ಹತ್ತಿಸಿಕೊಂಡು ಹೋಗುವ ರೋ-ರೋ ಸೇವೆಯಿಂದ. 1999ರಲ್ಲಿ ಶುರುವಾದ ಆ ರೋ-ರೋ ನಮ್ಮ ಸುರತ್ಕಲ್‌ಗೂ ಬರತ್ತೆ. ಬಾರ್ಕೂರಿನಲ್ಲಿ ಹತ್ತಿ ಮಿರ್ಜಾನ್‌ನಲ್ಲಿ ಇಳಿಯುವ ಅಜ್ಜಿಯಿಂದ ಸಾಲ ತೀರಲ್ಲ.

2023ರ ಡಿಸೆಂಬರ್ 30ಕ್ಕೆ ಮಂಗಳೂರು–ಮಡಗಾಂವ್ ವಂದೇ ಭಾರತ್ ಬಂತು. ಒಳ್ಳೆಯದೇ. ಓಡಿಸೋದು ದಕ್ಷಿಣ ರೈಲ್ವೆ, ಓಡೋದು ಕೊಂಕಣ ರೈಲ್ವೆಯ ಹಳಿ ಮೇಲೆ. ಶುರುವಾದಾಗ ನಡುವೆ ನಿಲ್ತಿದ್ದಿದ್ದು ಉಡುಪಿ, ಕಾರವಾರ ಎರಡೇ ಕಡೆ. ನಡುವಿನ ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟಾ? ಕಿಟಕಿಯಿಂದ ಕೈ ಬೀಸಬಹುದು.

ಈಗ ಈ ಕಂತಿನ ಮುಖ್ಯ ವಿಷಯಕ್ಕೆ ಬರ್ತೀನಿ. ಕೊಂಕಣ ರೈಲ್ವೆಯನ್ನ ಭಾರತೀಯ ರೈಲ್ವೆಯಲ್ಲಿ ವಿಲೀನ ಮಾಡಬೇಕು ಅನ್ನೋ ಮಾತು. ಕರ್ನಾಟಕ, ಗೋವಾ, ಕೇರಳ ಒಪ್ಪಿದವು. 2025ರ ಮೇ ತಿಂಗಳಲ್ಲಿ ಮಹಾರಾಷ್ಟ್ರವೂ ಒಪ್ಪಿತು, ಕೊಂಕಣ ರೈಲ್ವೆ ಅನ್ನೋ ಹೆಸರು ಉಳಿಯಬೇಕು, ತಾನು ಹಾಕಿದ ದುಡ್ಡು ವಾಪಸ್ ಬರಬೇಕು ಅನ್ನೋ ಷರತ್ತಿನ ಜೊತೆ.

ನಮ್ಮ ಕಡೆ ಇದಕ್ಕೆ ಚಪ್ಪಾಳೆ ಜೋರಾಗಿದೆ. ನಾನೂ ಹೊಡೀತೀನಿ. ಯಾಕಂದ್ರೆ ಜೋಡಿ ಹಳಿ ಹಾಕೋ ಅಷ್ಟು ಬಂಡವಾಳ ಈ ಸಣ್ಣ ಕಂಪನಿ ಹತ್ರ ಇಲ್ಲ, ಬಜೆಟ್ ದುಡ್ಡೇ ಬೇಕು. ಆ 140 ಕಿ.ಮೀ. ಮತ್ತೆ 100 ಆಗಬೇಕು. ನಾವು ಕಂತು ಕಟ್ಟಿದ್ದು ಸಾಕು.

ಆದರೆ ಚಪ್ಪಾಳೆ ನಿಲ್ಲಿಸಿ ಎರಡು ಪ್ರಶ್ನೆ ಕೇಳಲೇಬೇಕು.

ಒಂದು, ನಮ್ಮ ತುಂಡು ಯಾರ ಪಾಲಿಗೆ? ವಿಲೀನ ಅಂದ ಕೂಡಲೇ ಗಡಿ ಅಳಿಸಿಹೋಗಲ್ಲ. ಮಂಗಳೂರನ್ನೇ ನೋಡಿ, ಅದು ಮೊದಲಿಂದಲೂ ಭಾರತೀಯ ರೈಲ್ವೆಯೊಳಗೇ ಇದೆ. ಆದರೂ ಪಾಲಕ್ಕಾಡ್ ವಿಭಾಗದ ಒಂದು ತುದಿ, ವಲಯದ ಕಚೇರಿ ಚೆನ್ನೈನಲ್ಲಿ. ತುದಿಯಲ್ಲಿ ಇರೋರ ಕಷ್ಟ ಮಂಗಳೂರಿನವರಿಗೆ ಗೊತ್ತು. ಕೊಂಕಣ ರೈಲ್ವೆಗೆ ಕಾರವಾರದಲ್ಲಿ ಪ್ರಾದೇಶಿಕ ಕಚೇರಿ ಇದೆ. ಕುಮಟಾದವರು ಬೆಳಿಗ್ಗೆ ಹೋಗಿ ಮನವಿ ಕೊಟ್ಟು ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದು. ನಾಳೆ ಕಾರವಾರ ಇನ್ಯಾವುದೋ ವಲಯದ ತುದಿ ಆದರೆ, ನಾವು ಒಂದು ಗಡಿ ಅಳಿಸಿ ಇನ್ನೊಂದು ಗಡಿ ಬರೆದ ಹಾಗೆ.

ಎರಡು, ಮಳೆ. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬೈಗೆ ಹೊರಟ ವಿಶೇಷ ರೈಲು ವೈಭವವಾಡಿ ಹತ್ತಿರ ಹಳಿ ಮೇಲೆ ಬಿದ್ದ ಮಣ್ಣು ಬಂಡೆಗೆ ಡಿಕ್ಕಿ ಹೊಡೆಯಿತು. 50ಕ್ಕೂ ಹೆಚ್ಚು ಜನ ಹೋದರು. ಮುಂದಿನ ವರ್ಷದ ಜೂನ್‌ನಲ್ಲಿ ಮಂಗಳೂರಿಂದ ಹೊರಟ ಮತ್ಸ್ಯಗಂಧಾ ಕರಂಜಾಡಿ ಹತ್ತಿರ ಹಳಿ ತಪ್ಪಿತು. ಈ ದಾರಿಯಲ್ಲಿ ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ, ಕಡಿಮೆ ವೇಗ, ರಾತ್ರಿ ಟಾರ್ಚ್ ಹಿಡಿದು ಹಳಿ ಮೇಲೆ ನಡೆಯುವ ಗಸ್ತಿನವರು, ಇದೆಲ್ಲದರ ಹಿಂದೆ ಆ ನೋವಿದೆ. ಯಾವ ಕಡಿತದಲ್ಲಿ ಯಾವಾಗ ನೀರು ಒಸರತ್ತೆ ಅಂತ ಗೊತ್ತಿರೋ ಜನ ಇವರು. ವಿಲೀನದ ಪಟ್ಟಿಯಲ್ಲಿ ಕಟ್ಟಡ, ಜಮೀನು, ಸಾಲ ಎಲ್ಲಕ್ಕೂ ಬೆಲೆ ಬರೀತಾರೆ. ಈ ತಿಳಿವಳಿಕೆಗೆ ಬೆಲೆ ಬರೆಯೋರು ಯಾರು?

ಹಾಗಾದ್ರೆ ಏನು ಕೇಳಬೇಕು? ನನ್ನ ಪ್ರಕಾರ ಮೂರೇ ಸಾಲು. ಕಾರವಾರದ ಕಚೇರಿ ಅಧಿಕಾರದ ಸಮೇತ ಉಳೀಬೇಕು, ಬೋರ್ಡ್ ಮಾತ್ರ ಅಲ್ಲ. ಪಡೀಲ್–ತೋಕೂರು ತುಂಡನ್ನ ಕರಾವಳಿ ಮಾರ್ಗ ಯಾರ ಕೈಯಲ್ಲಿರತ್ತೋ ಅವರ ಕೈಗೇ ಕೊಡಬೇಕು. ಮಂಗಳೂರು–ಮಡಗಾಂವ್ ಲೋಕಲ್ ರೈಲಿಗೆ ಹೆಸರು ಹೇಳಿ ಒಬ್ಬ ಜವಾಬ್ದಾರ ಅಧಿಕಾರಿ ಇರಬೇಕು. ತಡ ಆದರೆ, ನಿಂತರೆ, ಬೋಗಿ ಕಡಿಮೆ ಆದರೆ ಇವರನ್ನೇ ಕೇಳಿ ಅಂತ ಸ್ಟೇಷನ್ ಗೋಡೆ ಮೇಲೆ ಬರೆದಿರಬೇಕು.

ಷೇರುದಾರರು ನಾಲ್ಕು ರಾಜ್ಯ ಮತ್ತು ಕೇಂದ್ರ ಅಂತ ಕಾಗದ ಹೇಳತ್ತೆ. ಆದರೆ ಇಷ್ಟು ವರ್ಷ ಶೇ 40 ಹೆಚ್ಚುವರಿ ದೂರಕ್ಕೆ ದುಡ್ಡು ಕೊಟ್ಟೋರು ನಾವು. ಅಪ್ಪನ ಹಳೇ ಟಿಕೆಟ್‌ಗಳು ಈಗಲೂ ಡಬ್ಬಿಯಲ್ಲಿ ಇವೆ. ಮಹಾರಾಷ್ಟ್ರ ತನ್ನ ದುಡ್ಡು ವಾಪಸ್ ಕೇಳಿತು. ನಾವು ದುಡ್ಡು ಕೇಳೋದು ಬೇಡ, ಜವಾಬು ಕೇಳೋಣ.

ನಿಮ್ಮೂರ ಸ್ಟೇಷನ್ನಿನ ಕಥೆ ಇದ್ದರೆ ಧ್ವನಿ ಸಂದೇಶ ಕಳಿಸಿ, ಮುಂದಿನ ಕಂತಿನಲ್ಲಿ ಹಾಕ್ತೀನಿ.